ಎಂಟನೇ ಮಹಡಿಯ ಎಡೆ

ಮಂಡ್ಯದ ಪೇಟೆ ಬೀದಿಯಲ್ಲಿ ನಿಂತು ತಲೆ ಎತ್ತಿದರೆ ಈಗ ಮೊದಲು ಕಾಣುವುದು ರಾಯಲ್ ಶುಗರ್ ಹೈಟ್ಸ್. ಹತ್ತು ಮಹಡಿ. ಆ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಬೀದಿಯವರಂತೂ ಅದನ್ನು ಸುಗರ್ ಬಿಲ್ಡಿಂಗು ಎಂದೇ ಕರೆಯುತ್ತಾರೆ. ಅದರ ಎಂಟನೇ ಮಹಡಿಯಲ್ಲಿ ಮಂಗಳಮ್ಮ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದಾಳೆ. ಆ ವರ್ಷದ ಪಿತೃಪಕ್ಷ ಹತ್ತಿರ ಬರುತ್ತಿದ್ದಂತೆ ಅವಳಿಗೆ ಹಗಲೂ ರಾತ್ರಿ ಒಂದೇ ಚಿಂತೆ ಹತ್ತಿಕೊಂಡಿತು. ತೀರಿಹೋದ ಗಂಡ ಹೊನ್ನಯ್ಯ ಅಷ್ಟೆತ್ತರಕ್ಕೆ ಬಂದು ಎಡೆ ಉಣ್ಣುತ್ತಾನೋ, ಇಲ್ಲವೋ?

ನಗಬೇಡಿ. ನಕ್ಕವರ ಮನೆಯಲ್ಲೂ ಮಹಾಲಯ ಅಮಾವಾಸ್ಯೆಗೆ ಮಟನ್ ಬೇಯುತ್ತದೆ, ಹಿರಿಯರಿಗೆ ಹೊಸ ಬಟ್ಟೆ ಬರುತ್ತದೆ. ವರ್ಷಕ್ಕೊಂದು ದಿನ ಸತ್ತವರು ಹಸಿದು ಮನೆಗೆ ಬರುತ್ತಾರೆ, ಉಂಡು ಹೋಗುತ್ತಾರೆ ಎಂಬುದನ್ನು ಈ ಸೀಮೆಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಮಂಗಳಮ್ಮನ ಚಿಂತೆಗೆ ಬೇರೆಯದೇ ಕಾರಣವಿತ್ತು. ಈ ಮನೆಗೆ ಕಾಲಿಡುವುದಿಲ್ಲ ಎಂದು ಹೊನ್ನಯ್ಯ ಬದುಕಿದ್ದಾಗಲೇ ಹೇಳಿದ್ದ. ಹೇಳಿದ್ದು ಅವಳಿಗೇ.

ಮಂಗಳಮ್ಮ ಬೆಳಕವಾಡಿಯವಳು. ಗದ್ದೆ ಬಯಲಿನಲ್ಲಿ ಬೆಳೆದ ಹುಡುಗಿ ಮಂಡ್ಯದ ಪೇಟೆ ಬೀದಿಗೆ ಸೊಸೆಯಾಗುತ್ತೇನೆಂದಾಗ ಪಟ್ಟಣ ಸೇರುವ ಖುಷಿಯಲ್ಲಿ ನೆಲದ ಮೇಲೆ ನಿಂತಿರಲಿಲ್ಲ. ಬಂದು ನೋಡಿದರೆ ಏನಿದೆ, ಮಣ್ಣು! ಮುಂದೆ ಹಿಂಡಿ, ಬೂಸಾ ಮಾರುವ ಅಂಗಡಿ. ಹಿಂದೆ ಉದ್ದಕ್ಕೆ ಓಣಿಯ ಹಾಗೆ ಮೂರು ಕೋಣೆ, ಮಧ್ಯದ ಕೋಣೆಗೆ ಕಿಟಕಿಯೇ ಇಲ್ಲ. ಮೇಲೆ ನಾಡಹೆಂಚು. ಮಳೆ ಬಂದರೆ ಮೊದಲು ಬೂಸಾ ಮೂಟೆ ಒಳಗೆಳೆಯಬೇಕು, ಆಮೇಲೆ ಮಗುವನ್ನು. ಇಲಿಗಳಂತೂ ಮನೆಯ ಮಕ್ಕಳ ಹಾಗೆ ಹೆದರಿಕೆಯಿಲ್ಲದೆ ಓಡಾಡುತ್ತಿದ್ದವು. ಇಷ್ಟರಲ್ಲೇ ಅವಳು ಅತ್ತೆಯ ಬಾಣಂತನದ ಕಥೆ ಕೇಳಿದಳು, ತನ್ನ ಬಾಣಂತನ ಮುಗಿಸಿದಳು, ಅತ್ತೆ ಮಾವನ ಹೇಲು ಉಚ್ಚೆ ಬಾಚಿ ಅವರನ್ನು ಸಾಗಹಾಕಿದಳು. ಯಾವತ್ತೂ ಬಾಯಿಬಿಟ್ಟು ಒಂದು ಮಾತು ಆಡಿದವಳಲ್ಲ.

ಆ ಮನೆ ಕಟ್ಟಿದ್ದು ಹೊನ್ನಯ್ಯನ ಅಪ್ಪ. ಯಲಿಯೂರಿನಿಂದ ಬಂದು, ಸಂತೆಗೆ ಬರುವ ರೈತರನ್ನು ನಂಬಿ ಅಂಗಡಿ ಇಟ್ಟಿದ್ದ. ಹೊನ್ನಯ್ಯನಿಗೆ ಅಂಗಡಿಗಿಂತ ಆ ಮನೆಯ ಬಾಗಿಲ ಮೇಲೆ ಪ್ರಾಣ. ಪಕ್ಷದ ದಿನ ಎಡೆ ಇಟ್ಟು, ಎಲ್ಲರನ್ನೂ ಜಗಲಿಗೆ ಕಳಿಸಿ, ಬಾಗಿಲು ಮುಂದಕ್ಕೆ ಎಳೆದು, ಬೀದಿಗೆಲ್ಲ ಕೇಳುವ ಹಾಗೆ "ಅಪ್ಪೋ, ಅವ್ವೋ, ಬನ್ರಪ್ಪ ಉಣ್ಣಕ್ಕೆ" ಎಂದು ಕೂಗುತ್ತಿದ್ದ. ಒಂದೆಲೆ ಅಡಿಕೆ ಅಗಿದು ಮುಗಿಸುವಷ್ಟು ಹೊತ್ತು ಯಾರೂ ಒಳಗೆ ಹೋಗುವಂತಿಲ್ಲ. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗಿ, ಮುದ್ದೆಯ ಮೇಲೆ ಬೆರಳಿನ ಗುರುತು ಬಿದ್ದಿದೆಯಾ ಎಂದು ಬಗ್ಗಿ ನೋಡುತ್ತಿದ್ದ. ಪ್ರತಿವರ್ಷವೂ ಅವನಿಗೆ ಗುರುತು ಕಾಣುತ್ತಿತ್ತು. ಮಂಗಳಮ್ಮನಿಗೆ ಒಂದು ಸಲವೂ ಕಾಣಲಿಲ್ಲ, ಆದರೂ "ಊ ಕಣ್ರೀ, ಬಂದಿದ್ರು" ಎನ್ನುತ್ತಿದ್ದಳು.

ಹೊಸ ಹೆದ್ದಾರಿ ಊರ ಹೊರಗಿಂದ ಹಾದುಹೋದ ಮೇಲೆ ಪೇಟೆ ಬೀದಿ ಬಿಕೋ ಎನ್ನತೊಡಗಿತು. ಹಿಂಡಿಯನ್ನು ಡೇರಿಯವರೇ ಹಳ್ಳಿ ಬಾಗಿಲಿಗೆ ಕೊಡುವಾಗ ಹೊನ್ನಯ್ಯನ ಅಂಗಡಿಗೆ ಯಾಕೆ ಬರಬೇಕು? ಒಂದೆರಡು ವರ್ಷ ಕಳೆಯಿತು. ಅಷ್ಟರಲ್ಲಿ ಬೀದಿಗೆ ಮತ್ತೆ ಜೀವ ಬರುತ್ತದೆಂದು ಸುದ್ದಿ ಹಬ್ಬಿತು. ಚರಂಡಿ ಮುಚ್ಚಿದರು, ಬಣ್ಣದ ಕಲ್ಲು ಹಾಸಿದರು, ನೂರು ರೂಪಾಯಿಗೆ ಕಾಫಿ ಕೊಡುವ ಗಾಜಿನ ಅಂಗಡಿಯೊಂದು ಬಂತು. ಅದರ ಹಿಂದೆಯೇ ಬಿಲ್ಡರ್ ಬಂದ. ಹೊನ್ನಯ್ಯನ ಮನೆ, ಅಕ್ಕಪಕ್ಕದ ಎರಡು ಮನೆ ಸೇರಿಸಿ ಕೆಡವುತ್ತೇನೆ, ಮೇಲೆ ಕಟ್ಟುತ್ತೇನೆ, ನಿಮ್ಮ ಪಾಲಿಗೆ ಒಂದೊಂದು ಫ್ಲ್ಯಾಟು, ನಿಮ್ಮ ಮಗ ಯತೀಶನಿಗೆ ನಮ್ಮ ಆಫೀಸಿನಲ್ಲೇ ಕೆಲಸ ಎಂದ. ಅಕ್ಕಪಕ್ಕದವರು ಒಪ್ಪಿದರು. ಹೊನ್ನಯ್ಯ ಅವನಿಗೆ ಕಾಫಿ ಕೊಡಿಸಿ ಕಳಿಸಿದ, ಅಷ್ಟೆ.

"ಯಾಕ್ ಬ್ಯಾಡ ಅಂದ್ರಿ?" ಮಂಗಳಮ್ಮ ಕೇಳಿದಳು.

"ಲೇ, ವರ್ಸಕ್ಕೊಂದು ದಿನ ನಮ್ಮಪ್ಪ ನಮ್ಮವ್ವ ಈ ಬಾಗ್ಲಿಗೆ ಬಂದು ಉಂಡೋಯ್ತಾರೆ. ಬಾಗ್ಲೇ ಇಲ್ದಂಗೆ ಮಾಡುದ್ರೆ ಅವ್ರು ಎಲ್ಲಿಗ್ ಬತ್ತಾರಮ್ಮಿ?"

"ಲಿಫ್ಟಲ್ಲಿ ಬತ್ತಾರೆ ಬುಡಿ. ಮೊದ್ಲು ಬದ್ಕಿರೋರ್ಗೆ ಒಂದು ಸೋರ್ದೆ ಇರೋ ಸೂರು ಕೊಡಿ."

ತಮಾಷೆಗೆ ಶುರುವಾದ ಮಾತು ತಮಾಷೆಯಲ್ಲಿ ಮುಗಿಯಲಿಲ್ಲ. ಇಷ್ಟು ವರ್ಷ ನುಂಗಿಕೊಂಡಿದ್ದೆಲ್ಲ ಅವಳ ಬಾಯಿಗೆ ಬಂತು. ಇಲಿ ಬಂತು, ಬೂಸಾ ಧೂಳು ಬಂತು, ಕಿಟಕಿಯಿಲ್ಲದ ಕೋಣೆಯಲ್ಲಿ ಹೆತ್ತದ್ದು ಬಂತು. ಹೊನ್ನಯ್ಯ ಟವೆಲ್ ಕೊಡವಿ ಅಂಗಡಿಗೆ ಹೋಗಿ ಕೂತ. ಮಾರನೆಯ ದಿನ ಮಂಗಳಮ್ಮ ಬ್ಯಾಗು ಹಿಡಿದು ಬಸ್ಸು ಹತ್ತಿ ಬೆಳಕವಾಡಿಗೆ ಹೊರಟುಬಿಟ್ಟಳು. ಅರವತ್ತರ ಹತ್ತಿರದ ಹೆಂಗಸು, ಮೊಮ್ಮಗಳನ್ನು ಕಂಡವಳು, ಹೊಸ ಮದುವೆಯವಳ ಹಾಗೆ ಮುನಿಸಿಕೊಂಡು ತವರಿನಲ್ಲಿ ಹೋಗಿ ಕೂತರೆ ನೋಡಿದವರು ಏನೆನ್ನಬೇಕು? ತಮ್ಮನ ಹೆಂಡತಿ ಮೂಗು ಮುರಿದಳು. ಮಂಗಳಮ್ಮ ಕ್ಯಾರೇ ಅನ್ನಲಿಲ್ಲ. ಸಹಿ ಹಾಕುವವರೆಗೂ ಬರುವುದಿಲ್ಲ ಎಂದು ಹೇಳಿ ಕಳಿಸಿದಳು.

ಹೊನ್ನಯ್ಯ ಸಹಿ ಹಾಕಿ, ಅವಳನ್ನು ಕರೆದುಕೊಂಡು ಹೋಗಲು ತಾನೇ ಬಂದ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತರೂ ಮಳವಳ್ಳಿ ತನಕ ತುಟಿ ಬಿಚ್ಚಲಿಲ್ಲ. ಮಳವಳ್ಳಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಅವಳಿಗೆಂದು ಕಡಲೆಕಾಯಿ ತಂದು ಮಡಿಲಿಗೆ ಹಾಕಿದ. ಇನ್ನೇನು ಸರಿಹೋಯಿತು ಎಂದು ಅವಳಂದುಕೊಂಡಳು.

"ಆ ಮನ್ಗೆ ನೀನೋಗು. ಮಗ ಸೊಸೇನೂ ಕರ್ಕೊಂಡೋಗು. ನಾನಂತೂ ಅಲ್ಲಿಗೆ ಬರಾಕಿಲ್ಲ ಕಣಮ್ಮಿ," ಎಂದ ಹೊನ್ನಯ್ಯ. ಕೂಗಿ ಹೇಳಲಿಲ್ಲ, ಬೈದು ಹೇಳಲಿಲ್ಲ.

ಮನೆ ಕೆಡವಿದರು. ಕಲ್ಲಹಳ್ಳಿ ಕಡೆ ಒಂದು ಬಾಡಿಗೆ ಮನೆಗೆ ಹೋದರು. ಬಿಲ್ಡರ್ ಹೇಳಿದ ಕಾಲಕ್ಕೆ ಮುಗಿಸಲಿಲ್ಲ, ಯಾವ ಬಿಲ್ಡರ್ ತಾನೇ ಮುಗಿಸಿದ್ದಾನೆ? ಹೊನ್ನಯ್ಯ ದಿನಾ ಪೇಟೆ ಬೀದಿಗೆ ಹೋಗಿ, ಎದುರಿನ ಕಟ್ಟೆಯ ಮೇಲೆ ಕೂತು, ತನ್ನ ಮನೆಯಿದ್ದ ಗುಂಡಿಯನ್ನು ನೋಡಿಕೊಂಡು ಬರುತ್ತಿದ್ದ. ಕಟ್ಟಡ ಎದ್ದು, ಪ್ಲಾಸ್ಟರಿಂಗ್ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಬಾಡಿಗೆ ಮನೆಯಲ್ಲಿ ಕಾಫಿ ಕುಡಿದು ಲೋಟ ಕೆಳಗಿಟ್ಟವನು ಮತ್ತೆ ಏಳಲಿಲ್ಲ. ಬರುವುದಿಲ್ಲ ಎಂದ ಮಾತನ್ನು ಉಳಿಸಿಕೊಂಡೇಬಿಟ್ಟ. ಮನುಷ್ಯ ಅಷ್ಟು ಹಟಮಾರಿ ಆಗಬಾರದು.

ಗೃಹಪ್ರವೇಶ ಆಯಿತು. ಮನೆ ಚೆನ್ನಾಗಿತ್ತು, ಅದನ್ನು ಯಾಕೆ ಸುಳ್ಳು ಹೇಳಬೇಕು? ಒಂದು ಹನಿ ಸೋರುವುದಿಲ್ಲ. ಕೋಣೆ ಕೋಣೆಗೂ ಕಿಟಕಿ. ಬಾಲ್ಕನಿಯಲ್ಲಿ ನಿಂತರೆ ಈ ಕಡೆ ಪೇಟೆ ಬೀದಿ, ಆ ಕಡೆ ಸಕ್ಕರೆ ಕಾರ್ಖಾನೆಯ ಚಿಮಣಿ. ಮಂಗಳಮ್ಮ ಬಯಸಿದ್ದೆಲ್ಲ ಸಿಕ್ಕಿತು. ಸಿಕ್ಕ ಮೇಲೆ ಅದನ್ನು ತೋರಿಸಿ "ನೋಡುದ್ರಾ, ನಾ ಏಳ್ಲಿಲ್ವಾ" ಎನ್ನಲು ಯಾರೂ ಇರಲಿಲ್ಲ. ಬೀದಿಯಲ್ಲಿದ್ದಾಗ ಬಾಗಿಲಲ್ಲಿ ಕೂತರೆ ಹತ್ತು ಜನ ಮಾತಾಡಿಸಿ ಹೋಗುತ್ತಿದ್ದರು. ಇಲ್ಲಿ ಬಾಗಿಲು ತೆಗೆದರೆ ಇನ್ನೊಂದು ಮುಚ್ಚಿದ ಬಾಗಿಲು. ಅರ್ಧಕ್ಕರ್ಧ ಫ್ಲ್ಯಾಟು ಬೆಂಗಳೂರು, ಮೈಸೂರಿನವರು ದುಡ್ಡು ಹಾಕಲು ಕೊಂಡು ಬೀಗ ಹಾಕಿದವು. ಹೊಸ್ತಿಲ ಮುಂದೆ ರಂಗೋಲಿ ಬಿಡಬಾರದು, ಚಪ್ಪಲಿ ಬಿಡಬಾರದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳಿಗೆ ಅಳು ಬರುತ್ತಿತ್ತು. ಟೀವಿ ಹಾಕಿಕೊಂಡು ಅಳುತ್ತಿದ್ದಳು, ಸೀರಿಯಲ್ಲಿಗೆ ಅಳುತ್ತಿದ್ದಾಳೆಂದು ಮನೆಯವರು ಸುಮ್ಮನಿರುತ್ತಿದ್ದರು.

ಸತ್ತವರನ್ನು ವರ್ಷ ತುಂಬುವ ತನಕ ಪಕ್ಷಕ್ಕೆ ಸೇರಿಸುವಂತಿಲ್ಲ. ಹಾಗಾಗಿ ಹೊನ್ನಯ್ಯನಿಗೆ ಇದೇ ಮೊದಲ ಎಡೆ. ಮೊದಲ ಎಡೆ ಯಾವ ಮನೆಯಲ್ಲಿ ಉಂಡರೋ ಅದೇ ಅವರ ಮನೆ ಎಂದು ಮಂಗಳಮ್ಮನ ನಂಬಿಕೆ. ಬಂದರೆ, ಉಂಡರೆ, ಕೋಪ ಬಿಟ್ಟ ಹಾಗೆ. ಬರದಿದ್ದರೆ?

"ಅವ್ವ, ಈ ಸಲ ಯಲಿಯೂರಲ್ಲಿ ಚಿಕ್ಕಪ್ಪನ ಮನೇಲಿ ಇಟ್ಬುಡಾಣ. ಇಲ್ಲಿ ಧೂಪಗೀಪ ಅಂದ್ರೆ ಕಷ್ಟ," ಎಂದ ಯತೀಶ. ಬಿಲ್ಡರ್ ಆಫೀಸಿನಲ್ಲಿ ಅವನ ಕೆಲಸ, ಮಾರಾಟವಾಗದೆ ಉಳಿದ ಫ್ಲ್ಯಾಟುಗಳನ್ನು ಬಂದವರಿಗೆ ತೋರಿಸುವುದು. ಬಿಲ್ಡಿಂಗಿನಲ್ಲಿ ಒಂದು ಸಣ್ಣ ತಕರಾರು ಎದ್ದರೂ ಅವನಿಗೇ ಮಾತು ಬರುತ್ತಿತ್ತು.

"ಇಲ್ಲೇ ಇಡ್ಬೇಕು," ಎಂದಳು ಮಂಗಳಮ್ಮ. "ನಿಮ್ಮಪ್ಪ ಈ ಮನೆ ನೋಡ್ಬೇಕು."

ಯತೀಶ ಒಪ್ಪಿದ. ಅವನಿಗೂ ಅಪ್ಪ ತಾನೆ?

ಅಮಾವಾಸ್ಯೆಯ ದಿನ ಅತ್ತೆ ಸೊಸೆ ಬೆಳಗಿನಿಂದ ಒಲೆ ಬಿಟ್ಟು ಕದಲಲಿಲ್ಲ. ಸೊಸೆ ಅಮೃತ ಒಳ್ಳೆಯವಳು, ಹಟಕ್ಕೆ ಎದುರು ಹಟ ಮಾಡುವವಳಲ್ಲ. ಮಟನ್ ಸಾರು, ಬೋಟಿ ಗೊಜ್ಜು, ಮುದ್ದೆ, ಕಜ್ಜಾಯ, ವಡೆ. ಹೊನ್ನಯ್ಯ ಸೇದುತ್ತಿದ್ದ ಬೀಡಿ ಪೇಟೆಯಲ್ಲೆಲ್ಲ ಹುಡುಕಿ ಯತೀಶ ಒಂದು ಕಟ್ಟು ತಂದ. ಸಂಜೆ ಮುಂದಿನ ಹಾಲ್‌ನಲ್ಲಿ, ಬಾಲ್ಕನಿಗೆ ಮುಖ ಮಾಡಿ ಕಳಶ ಇಟ್ಟರು. ಪಕ್ಕದ ಕುರ್ಚಿಯ ಬೆನ್ನಿಗೆ ಹೊಸ ಪಂಚೆ, ಹೊಸ ಟವೆಲ್ ಮಡಿಸಿ ಹಾಕಿದರು. ಮುಂದೆ ಬಾಳೆ ಎಲೆ, ಪಕ್ಕದಲ್ಲಿ ಒಂದು ಲೋಟ ನೀರು. ಎಣ್ಣೆ ದೀಪ. ಗ್ಯಾಸಿನ ಮೇಲೆ ಇದ್ದಲು ಕಾಯಿಸಿ, ಸಾಂಬ್ರಾಣಿ ಹಾಕಿ, ಧೂಪ ಎಬ್ಬಿಸಿದರು.

ಮಂಗಳಮ್ಮ ಬಾಲ್ಕನಿಯ ಗಾಜಿನ ಬಾಗಿಲನ್ನು ಪೂರಾ ಸರಿಸಿದಳು.

"ಅತ್ತೆ, ಗಾಳಿ ಜಾಸ್ತಿ ಐತೆ," ಎಂದಳು ಅಮೃತ.

"ಇರ್ಲಿ ಬುಡವ್ವ. ಆ ಕಾರಿಡಾರಲ್ಲಿ ಎಲ್ಲಾ ಬಾಗ್ಲೂ ಒಂದೇ ತರ ಅವೆ, ಅವ್ರಿಗೇನ್ ಗೊತ್ತಾಯ್ತದೆ? ಬಾಲ್ಕನಿಯಿಂದ ಆದ್ರೆ ಪೇಟೆ ಬೀದಿ ಕಾಣ್ತದೆ. ಆ ಕಡೆಯಿಂದ್ಲೇ ಬತ್ತಾರೆ."

ಎಲ್ಲರೂ ಅಡ್ಡಬಿದ್ದರು. ಯತೀಶ ಸ್ನಾನ ಮಾಡಿ ಪಂಚೆ ಉಟ್ಟಿದ್ದ. ಕಾರಿಡಾರಿಗೆ ಬಂದು ನಿಂತರು. ಕೊನೆಯಲ್ಲಿ ಬಂದ ಮಂಗಳಮ್ಮ ತಿರುಗಿ ಒಳಗೆ ನೋಡಿ, "ಬನ್ನಿ, ಬಂದು ಉಂಡೋಗಿ. ನಂದು ತೆಪ್ಪಾಗಿದ್ರೆ ಒಟ್ಟೆಗಾಕ್ಕೊಳಿ," ಎಂದು ಬಾಗಿಲು ಎಳೆದಳು.

ಟಪ್ ಎಂದಿತು.

ಎಳೆದರೆ ತಾನೇ ಬೀಗ ಬೀಳುವ ಬಾಗಿಲು ಅದು. ಹೊಸದಾಗಿ ಬಂದಾಗ ಯತೀಶ ಅವಳಿಗೆ ಸಾರಿ ಸಾರಿ ಹೇಳಿದ್ದ, ಅವಳೂ ಒಂದು ದಿನ ಮರೆತವಳಲ್ಲ. ಆದರೆ ಆ ಸಂಜೆ ಅವಳ ಮನಸ್ಸು ಈ ಮನೆಯಲ್ಲಿರಲಿಲ್ಲ. ಅವಳ ಕೈ ಎಳೆದದ್ದು ಜಗಲಿಯ ಹಿಂದಿನ ಆ ಹಳೆಯ ಬಾಗಿಲನ್ನು. ಅದನ್ನು ಪಕ್ಷದ ದಿನ ಮುಚ್ಚುತ್ತಿದ್ದದ್ದು ಹಾಗೆಯೇ. ಯತೀಶ ಪಂಚೆಯ ಮಡಿಕೆ ತಡಕಿದ. ಕೀ ಒಳಗೆ, ಬಿಚ್ಚಿಟ್ಟ ಪ್ಯಾಂಟಿನ ಜೇಬಿನಲ್ಲಿತ್ತು.

"ಅಯ್ಯೋ ಅವ್ವ!"

"ಸುಮ್ಕಿರ್ಲಾ, ಉಣ್ಣೋರ್ಗೆ ಗದ್ಲ ಆಯ್ತದೆ," ಎಂದಳು ಮಂಗಳಮ್ಮ. ಬೀಗದವನನ್ನು ಆಮೇಲೆ ಕರೆಸಿದರಾಯಿತು, ಈಗಂತೂ ಯಾರೂ ಒಳಗೆ ಹೋಗುವಂತಿಲ್ಲವಲ್ಲ. ಯತೀಶ ವಾಚ್‌ಮನ್ ಲಿಂಗರಾಜುವಿಗೆ ಫೋನು ಮಾಡಿ, ಯಾರಾದರೂ ಬೀಗದವನಿದ್ದರೆ ನೋಡು ಎಂದ. ಮೊಮ್ಮಗಳು ಗಗನ ಮೆಟ್ಟಿಲ ಮೇಲೆ ಕೂತಳು. ಮಂಗಳಮ್ಮ ಬಾಗಿಲಿಗೆ ಕಿವಿಗೊಟ್ಟು ನಿಂತಳು.

ಒಳಗೆ ಲೋಟ ಬಿದ್ದ ಸದ್ದಾಯಿತು. ಬಿದ್ದು, ಟೈಲ್ಸ್ ಮೇಲೆ ಉರುಳಿತು.

ಮಂಗಳಮ್ಮನ ಮುಖ ನೋಡಬೇಕಿತ್ತು! ಎಷ್ಟೋ ತಿಂಗಳಿಂದ ನಗು ಕಾಣದ ಮುಖ ಅರಳಿಹೋಯಿತು. ಕಣ್ಣಲ್ಲಿ ನೀರು ಬಂತು. "ಬಂದ್ರು," ಎಂದಳು ಸೊಸೆಯ ಕೈ ಹಿಡಿದು, "ಅಮೃತ, ಬಂದ್ರು ಕಣವ್ವ. ನೀರ್ ಕುಡುದ್ರು." ಒಳಗೆ ಇನ್ನೊಂದು ಏನೋ ಸರಿದಂತಾಯಿತು. ಅವಳು ಬಾಗಿಲ ಮೇಲೆ ಅಂಗೈ ಇಟ್ಟಳು. ಮದುವೆಯಾದಾಗಿನಿಂದ ಅವನ ಮೇಲೆ ಅಷ್ಟು ಪ್ರೀತಿ ಅವಳಿಗೆ ಯಾವತ್ತೂ ಬಂದಿರಲಿಲ್ಲ. ಬಂದನಲ್ಲ ಮಹಾರಾಯ, ಬಸ್ಸಿನಲ್ಲಿ ಆಡಿದ ಮಾತು ಬಿಟ್ಟು ಬಂದನಲ್ಲ ಎಂದು ಅವಳ ಜೀವ ಹಗುರವಾಯಿತು.

ಮೊದಲು ಮೂಗಿಗೆ ವಾಸನೆ ಹಿಡಿದದ್ದು ಅಮೃತಳಿಗೆ. ಸಾಂಬ್ರಾಣಿಯ ವಾಸನೆಯಲ್ಲ, ಬಟ್ಟೆ ಸುಟ್ಟ ವಾಸನೆ. ಬಾಗಿಲಡಿಯಿಂದ ಕಪ್ಪು ಹೊಗೆ ಎಳೆ ಎಳೆಯಾಗಿ ಬಂತು. ಅಷ್ಟರಲ್ಲಿ ಇಡೀ ಕಟ್ಟಡದಲ್ಲಿ ಅಲಾರಂ ಹೊಡೆದುಕೊಳ್ಳತೊಡಗಿತು, ಕಿವಿ ಹರಿಯುವ ಹಾಗೆ. ಮೇಲಿನ ಮಹಡಿಯವರು ಮಕ್ಕಳನ್ನು ಎತ್ತಿಕೊಂಡು ಮೆಟ್ಟಿಲಿಳಿದು ಓಡಿದರು. ಗಗನಳನ್ನು ಅಮೃತ ಅವರ ಜೊತೆ ಕಳಿಸಿದಳು. ಕೆಳಗಿನಿಂದ ಲಿಂಗರಾಜು ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹೊತ್ತುಕೊಂಡು ಬಂದ, ಅವನ ಹಿಂದೆ ಬಿಲ್ಡಿಂಗ್ ಸಂಘದ ಕಾರ್ಯದರ್ಶಿ ಪ್ರಸನ್ನ ಬಂದ. ಔಷಧಿ ಅಂಗಡಿಯ ಮಾಲೀಕ, ಮದ್ದೂರಿನವನು, ಒಳ್ಳೆಯ ಮನುಷ್ಯ.

"ಬಾಗ್ಲು ತೆಗೀರಿ!"

"ಕೀ ಒಳಗೈತೆ ಸಾರ್."

"ಹಂಗಾದ್ರೆ ಒಡೀರಿ, ಏನ್ ನೋಡ್ತಾ ನಿಂತಿದ್ದೀರಿ!"

ಮಂಗಳಮ್ಮ ಎರಡೂ ಕೈ ಚಾಚಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಒಡೀಬ್ಯಾಡಿ. ನಮ್ಮೆಜಮಾನ್ರು ಉಣ್ತಾ ಕುಂತವ್ರೆ."

ಪ್ರಸನ್ನನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ದನಿ ತಗ್ಗಿಸಿದ. "ಅಮ್ಮಾ, ಒಳಗೆ ಬೆಂಕಿ ಬಿದ್ದೈತೆ ಕಣಮ್ಮ. ಗ್ಯಾಸ್ ಐತೆ ಒಳಗೆ. ಕೆಳಗೆ ಮೇಲೆ ಸಂಸಾರಗಳವೆ."

"ಒಂದ್ ಗಳಿಗೆ ನನ್ನಪ್ಪ, ನಿಮ್ ದಮ್ಮಯ್ಯ ಅಂತೀನಿ. ಈಗ ನುಗ್ಗುದ್ರೆ ಅರ್ಧ ಊಟುಕ್ಕೆ ಎದ್ದೋಯ್ತಾರೆ. ಮತ್ತೆ ಬರಾಕಿಲ್ಲ ಅವ್ರು. ನಿಮ್ಗೊತ್ತಿಲ್ಲ ಅವ್ರ ಹಟ, ನಂಗೊತ್ತು."

ಅವಳಿಗೆ ಹುಚ್ಚು ಹಿಡಿದಿರಲಿಲ್ಲ. ಹೊಗೆ ಅವಳಿಗೂ ಕಾಣುತ್ತಿತ್ತು, ಬೆನ್ನಿಗೆ ಬಾಗಿಲು ಬಿಸಿಯಾಗುತ್ತಿದ್ದದ್ದು ಅವಳಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಾಗುತ್ತಿತ್ತು. ಆದರೂ ಒಂದು ತುತ್ತು ಹೆಚ್ಚಿಗೆ ಉಣ್ಣಲಿ, ಮುದ್ದೆ ಮುಗಿಸಲಿ ಎಂದು ಅವಳ ಜೀವ ಹೊಡೆದುಕೊಳ್ಳುತ್ತಿತ್ತು. ಪ್ರಸನ್ನ ಯತೀಶನ ಕಡೆ ನೋಡಿದ. ಲಿಂಗರಾಜು ಯತೀಶನ ಕಡೆ ನೋಡಿದ. ಅವ್ವನ ಮೇಲೆ ಒಂದು ದಿನ ದನಿ ಎತ್ತದ ಮಗ ಅವಳ ಎರಡೂ ತೋಳು ಹಿಡಿದು ಎಳೆದ. ಅವಳು ಬಾಗಿಲ ಹಿಡಿ ಬಿಡಲಿಲ್ಲ. ಬೆರಳು ಬಿಡಿಸಿ ಎಳೆದ. ಮಂಗಳಮ್ಮ ಆಯ ತಪ್ಪಿ ಎದುರು ಗೋಡೆಯ ಬುಡದಲ್ಲಿ ಕುಸಿದು ಕೂತಳು.

ಭುಜ ಕೊಟ್ಟು ಗುದ್ದಿ ಗುದ್ದಿ ಬಾಗಿಲು ಮುರಿದರು. ಅಲ್ಲೇನೂ ಊರು ಸುಡುವ ಬೆಂಕಿಯಿರಲಿಲ್ಲ. ಬಾಲ್ಕನಿಯ ಗಾಳಿಗೆ ಹೊಸ ಪಂಚೆ ಹಾರಿ ದೀಪದ ಮೇಲೆ ಬಿದ್ದಿತ್ತು. ಅದರಿಂದ ಕುರ್ಚಿ, ಕುರ್ಚಿಯಿಂದ ಕರ್ಟನ್, ಕರ್ಟನ್ನಿನಿಂದ ಬಾಲ್ಕನಿಯ ಮೇಲ್ಗೋಡೆ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಸೋಫಾ ಹಿಡಿಯುತ್ತಿತ್ತು. ಸಿಲಿಂಡರ್ ಒತ್ತಿದ್ದೇ ತಡ ಬಿಳಿ ಪುಡಿ ಹಾಲ್ ತುಂಬ ಎದ್ದಿತು. ಶೂ ಹಾಕಿದ ಕಾಲುಗಳು ಎಡೆಯ ಮೇಲೆಯೇ ಓಡಾಡಿದವು. ಅವರನ್ನೇನು ಬೈಯುವುದು? ಬೆಂಕಿ ಆರಿಸುವವರು ಎಲೆ ನೋಡಿಕೊಂಡು ಹೆಜ್ಜೆ ಇಡುತ್ತಾರೆಯೇ?

ಎಲ್ಲ ತಣ್ಣಗಾದ ಮೇಲೆ ಮಂಗಳಮ್ಮ ಒಳಗೆ ಬಂದು ಎಲೆಯ ಮುಂದೆ ಕೂತಳು. ಕಳಶ ಮಗುಚಿತ್ತು. ನೀರಿನ ಲೋಟ ಸೋಫಾ ಕೆಳಗೆ ಹೋಗಿ ಬಿದ್ದಿತ್ತು. ಸಾರು, ಗೊಜ್ಜು, ಕಜ್ಜಾಯ ಎಲ್ಲದರ ಮೇಲೂ ಬೆರಳು ದಪ್ಪ ಪುಡಿ. ಅವಳು ಸೆರಗಿನಿಂದ ಮುದ್ದೆಯ ಮೇಲಿನ ಪುಡಿ ಒರೆಸಿದಳು. ಮುದ್ದೆ ಒಂದು ಕಡೆ ಚಪ್ಪಟೆಯಾಗಿತ್ತು. ಹೊನ್ನಯ್ಯನ ಕೈಯೋ, ಯಾರದೋ ಶೂ ತಗುಲಿದ್ದೋ? ಬಗ್ಗಿ ನೋಡಿದಳು, ಲೈಟು ಹಾಕಿಸಿ ನೋಡಿದಳು, ಕಣ್ಣು ಕೀಲಿಸಿ ನೋಡಿದಳು. ಗೊತ್ತಾಗಲಿಲ್ಲ. ಗಂಡನಿದ್ದಾಗ ಕಾಣದಿದ್ದರೂ ಕಂಡಿತೆಂದು ಸುಲಭವಾಗಿ ಸುಳ್ಳು ಹೇಳಿದವಳಿಗೆ ಈಗ ತನಗೆ ತಾನು ಆ ಸುಳ್ಳು ಹೇಳಿಕೊಳ್ಳಲು ಆಗಲಿಲ್ಲ.

"ಗಾಳಿಗೆ ಪಂಚೆ ಹಾರೈತೆ ಅವ್ವ, ಇನ್ನೇನಿಲ್ಲ," ಎಂದ ಯತೀಶ ಮೆಲ್ಲಗೆ.

"ಗಾಳಿ ಅಂತೀಯ?"

"ಮತ್ತಿನ್ನೇನು?"

"ಅವ್ರು ಬಂದು, ನೋಡಿ, ಸಿಟ್ಟು ಬಂದು ಬೆಂಕಿ ಇಕ್ಕೋದ್ರು ಅನ್ನುಸ್ತದೆ ನಂಗೆ."

"ಅಪ್ಪ ಅಂಥೋರಾ ಅವ್ವ?" ಎಂದ ಯತೀಶ.

ಅಂಥವನಲ್ಲ ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟವಾಯಿತು. ಸಿಟ್ಟಿನಿಂದಲಾದರೂ ಬಂದಿದ್ದರೆ ಬಂದ ಹಾಗಾಯಿತು. ಗಾಳಿಯೇ ಆಗಿದ್ದರೆ ಅವನು ಬರಲೇ ಇಲ್ಲ. ಲೋಟ ಉರುಳಿಸಿದ್ದೂ ಗಾಳಿಯೇ. ಅಷ್ಟು ಖುಷಿಪಟ್ಟು ಬಾಗಿಲಿಗೆ ಕೈಯಿಟ್ಟು ನಿಂತದ್ದು ಯಾರಿಗಾಗಿ? ಮಂಗಳಮ್ಮ ಎಲೆಯನ್ನು ಮಡಿಸಲು ಬಿಡದೆ ಬಹಳ ಹೊತ್ತು ಅಲ್ಲೇ ಕೂತಿದ್ದಳು. ಕೊನೆಗೆ ಅಮೃತ ಅವಳನ್ನು ಎಬ್ಬಿಸಿ ಮುಖ ತೊಳೆಸಿದಳು.

ಮುಂದಿನ ಭಾನುವಾರ ಕೆಳಗಿನ ಪಾರ್ಟಿ ಹಾಲಿನಲ್ಲಿ ಸಂಘದ ಮೀಟಿಂಗು. ಯಾರೂ ಕೆಟ್ಟ ಮಾತಾಡಲಿಲ್ಲ. ಕೆಟ್ಟ ಮಾತಾಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಇನ್ನು ಮೇಲೆ ಫ್ಲ್ಯಾಟಿನೊಳಗೆ ಇದ್ದಲು, ಧೂಪ, ಯಾರೂ ಇಲ್ಲದೆ ಉರಿಯುವ ದೀಪ ಬೇಡ ಎಂದು ತೀರ್ಮಾನವಾಯಿತು. ಬೇಕಾದವರು ಪಾರ್ಟಿ ಹಾಲ್ ಬುಕ್ ಮಾಡಿಕೊಂಡು ಸರದಿಯ ಮೇಲೆ ಎಡೆ ಇಡಬಹುದು ಎಂದು ಯಾರೋ ಅಂದರು. ಹಿರಿಯರು ಟೋಕನ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು ಹಾಗಾದರೆ! ಹೇಳಿದವನಿಗೇ ನಾಚಿಕೆಯಾಗಿ ಸುಮ್ಮನಾದ.

ಪ್ರಸನ್ನ ಮೀಟಿಂಗ್ ಮುಗಿದ ಮೇಲೆ ಮಂಗಳಮ್ಮನ ಪಕ್ಕ ಬಂದು ಕೂತ. "ಬೇಜಾರ್ ಮಾಡ್ಕೋಬೇಡಿ ಅಮ್ಮ. ನಾವೂ ಇಡ್ತೀವಿ, ಮದ್ದೂರಲ್ಲಿ ನಮ್ಮಣ್ಣನ ಮನೇಲಿ. ಒಂಬತ್ತನೇ ಫ್ಲೋರಿನೋರು ಅವ್ರೂರಿಗೆ ಹೋಗ್ತಾರೆ. ಈ ಬಿಲ್ಡಿಂಗಲ್ಲಿ ಎಡೆ ಇಡೋರು ಯಾರಿದ್ದಾರೆ ಹೇಳಿ? ಎಲ್ರಿಗೂ ಅವರವರ ಊರಲ್ಲಿ ಒಂದೊಂದು ಬಾಗ್ಲು ಇದ್ದೇ ಇದೆ."

ಅವನು ಸಮಾಧಾನಕ್ಕೆ ಹೇಳಿದ್ದು. ಮಂಗಳಮ್ಮ ಹೂಂ ಎಂದು ತಲೆಯಾಡಿಸಿದಳು. ಅವಳ ಬಾಗಿಲಿದ್ದ ಜಾಗದ ಮೇಲೆ ಈಗ ಬಿಲ್ಡಿಂಗಿನ ಕಾರುಗಳು ನಿಲ್ಲುತ್ತಿದ್ದವು.

ಹೊನ್ನಯ್ಯನ ತಮ್ಮ ದೇವರಾಜು ಯಲಿಯೂರಿನಿಂದ ಫೋನು ಮಾಡಿದ. "ಅತ್ಗೆ, ಮುಂದಿನ್ ವರ್ಸದಿಂದ ನಮ್ಮನೇಲೇ ಅಣ್ಣಂಗೂ ಒಂದು ಎಲೆ ಆಕ್ಬುಡಾಣ. ಅವ್ನುಟ್ಟಿದ್ ಮನೆ ತಾನೆ? ಅಪ್ಪ ಅವ್ವಂಗೂ ಇಲ್ಲೇ ಇಕ್ಕುದ್ರಾಯ್ತು," ಎಂದ. ಪ್ರೀತಿಯಿಂದಲೇ ಹೇಳಿದ. ಅವಳು ಆಗಲಿ ಎಂದಳು. ಹೇಳದೆ ಇನ್ನೇನು ಮಾಡುವುದು? ಹುಟ್ಟಿದ ಮನೆಗಾದರೆ ಹೊನ್ನಯ್ಯ ಬರುತ್ತಾನೆ, ಹೊಟ್ಟೆ ತುಂಬ ಉಣ್ಣುತ್ತಾನೆ. ಅಲ್ಲಿ ಅವನಿಗೆ ಯಾರ ಮೇಲೂ ಕೋಪವಿಲ್ಲ.

ಬೆಂಕಿಯ ಮಸಿ ಕೆಳಗಿನಿಂದ ಕಾಣುತ್ತದೆ, ಗಿರಾಕಿಗಳು ಕೇಳುತ್ತಾರೆ ಎಂದು ಬಿಲ್ಡರ್ ಆಫೀಸಿನವರು ಬೇಗ ಬೇಗ ಪೇಂಟರ್ ಕಳಿಸಿ ಬಾಲ್ಕನಿಗೂ ಹಾಲಿಗೂ ಬಣ್ಣ ಹೊಡೆಸಿದರು. ಬಾಗಿಲೂ ಹೊಸದು ಬಂತು. ಮಸಿಯಿದ್ದ ಗುರುತೇ ಉಳಿಯಲಿಲ್ಲ. ಬಣ್ಣ ಮುಗಿದ ಸಂಜೆ ಯತೀಶ ಹಾಲಿನಲ್ಲಿ ನಿಂತು ಗೋಡೆ ನೋಡುತ್ತಿದ್ದ. ಮಂಗಳಮ್ಮ ಕೋಣೆಯಿಂದ ಬಂದಳು.

"ಯತೀಸ, ನಿಮ್ಮಪ್ಪನ್ನ ಇನ್ಮೇಲೆ ಯಲಿಯೂರಲ್ಲಿ ಕರೀತೀರಿ. ಸರಿ. ನಾಳೆ ನಾ ಸತ್ರೆ ನನ್ನ ಎಲ್ಲಿಗ್ ಕರೀತೀಯಪ್ಪ?"

"ಈಗ್ಯಾಕವ್ವ ಆ ಮಾತು?"

"ಏಳು, ಎಲ್ಲಿಗೆ?"

"ಅಲ್ಲಿಗೇ ಕಣವ್ವ. ಅಪ್ಪನ ಜೊತೇಲಿ."

ಮಂಗಳಮ್ಮ ಬೇಡವೆಂದು ತಲೆಯಾಡಿಸಿದಳು. ಅಳಲಿಲ್ಲ, ಅಳುವ ಕಾಲ ಮುಗಿದಿತ್ತು. "ನಾ ಓಗಿ ಪಕ್ಕದಲ್ಲಿ ಕುಂತ್ರೆ ಅವ್ರು ಎಲೆ ಬುಟ್ಟು ಎದ್ದೋಯ್ತಾರೆ. ಅವ್ರು ಉಣ್ಲಿ. ನಂಗೆ ಬೇರೆ ಎಲ್ಲಾರ ಇಕ್ಕು."

"ಎಲ್ಲಿ ಅವ್ವ?" ಎಂದ ಯತೀಶ.

ಮಂಗಳಮ್ಮ ಹೊಸ ಬಣ್ಣದ ಗೋಡೆಗಳನ್ನು ಒಂದು ಸಲ ಸುತ್ತ ನೋಡಿದಳು, ಮಗನ ಮುಖ ನೋಡಿದಳು. ಅವನಿಗೆ ಹೇಳಲು ಅವಳಿಗೆ ಒಂದು ಜಾಗವೂ ಹೊಳೆಯಲಿಲ್ಲ.